ಹಿಮ್ಮಡಿ ಅಕ್ಕನ ಕಡೇ ಸುತ್ತು

ಕಡಲಂಚಿನ ಹಳೇ ಕೋಟೆಗೋಡೆಯ ಮೇಲೆ ಪ್ರವಾಸಿಗರನ್ನು ಸುತ್ತಾಡಿಸುವ ಗೈಡುಗಳು ಗುಂಪಿಗೆ ಮುಖ ಮಾಡಿ ಹಿಂದಕ್ಕೆ ನಡೆಯುತ್ತಾರೆ. ಬೆನ್ನು ತೋರಿಸಿದರೆ ಮಾತನ್ನು ಗಾಳಿ ತಿನ್ನುತ್ತದೆ. ಫೋಟೋದ ಹುಚ್ಚಿಗೆ ಯಾರಾದರೂ ಅಂಚಿಗೆ ಹೋದರೂ ಗೊತ್ತಾಗುವುದಿಲ್ಲ. ಈ ಕಸುಬಿನಲ್ಲೇ ತಲೆ ನರೆತ ಹೆಂಗಸಿಗೆ ಊರಿಟ್ಟ ಹೆಸರು ಹಿಮ್ಮಡಿ ಅಕ್ಕ.

ಅಕ್ಕನ ಕಣ್ಣು ಹೋಗುತ್ತಿತ್ತು. ಕೊಳವೆಯೊಳಗಿಂದ ಇಣುಕಿದ ಹಾಗೆ ನಡುವಿನದಷ್ಟೇ ಕಾಣುತ್ತಿತ್ತು, ಅದೂ ಮಸುಕು. ಪ್ರವಾಸಿ ಕಚೇರಿಗೆ ಗೊತ್ತಾದರೆ ಎದೆಯ ಬಿಲ್ಲೆ ಕಿತ್ತುಕೊಳ್ಳುತ್ತಾರೆ. ಬಿಲ್ಲೆ ಹೋದರೆ ಮನೆಯ ಒಲೆ ಆರುತ್ತದೆ. ಬಿಸಿಲಲ್ಲಿ ದುಡಿಸಿಕೊಳ್ಳುವುದು ಗೊತ್ತಿರುವ ಆ ಕಚೇರಿಗೆ, ವಯಸ್ಸಾದ ಗೈಡನ್ನು ನೆರಳಲ್ಲಿ ಕೂರಿಸುವುದು ಗೊತ್ತಿಲ್ಲ.

ವಿಷಯ ಗೊತ್ತಿದ್ದದ್ದು ನಾದಿನಿಗೊಬ್ಬಳಿಗೆ. ಅವಳು ದೊಡ್ಡ ಟೊಪ್ಪಿ ಹಾಕಿಕೊಂಡು ದಿನವೂ ಪ್ರವಾಸಿಯ ವೇಷದಲ್ಲಿ ಬರುತ್ತಿದ್ದಳು. ಅಕ್ಕನ ಹಿಮ್ಮಡಿಗೆ ಏನಾದರೂ ಅಡ್ಡವಿದ್ದರೆ ಗುಂಪಿನಿಂದ ಪ್ರಶ್ನೆ ಹಾರುತ್ತಿತ್ತು: "ಮೇಡಂ, ಈ ಗೋಡೆ ಕಟ್ಟಿದ್ದು ಯಾರು?" ನಿಲ್ಲು ಎಂಬುದಕ್ಕೆ ಅದೇ ಗುರುತು. ಅಕ್ಕ ನಿಂತು ಉತ್ತರಿಸುತ್ತಿದ್ದಳು.

"ದಿನಾ ಅದನ್ನೇ ಕೇಳ್ತೀಯಲ್ಲೇ, ಬೇರೆ ಪ್ರಶ್ನೆ ಹುಟ್ಟಲ್ವಾ ನಿನ್ನ ತಲೇಲಿ?" ಎಂದು ಮನೆಗೆ ಬಂದಮೇಲೆ ಅಕ್ಕ ರೇಗುತ್ತಿದ್ದಳು.

"ನೀನು ಬೇರೆ ಉತ್ತರ ಕಲಿ ಅತ್ತಿಗೆ, ಆಮೇಲೆ ನೋಡೋಣ."

ಅವತ್ತು ನಾದಿನಿಗೆ ಜ್ವರ. "ಇವತ್ತೊಂದಿನ ಹೋಗ್ಬೇಡ," ಎಂದಳು.

"ನಿನ್ನೆ ಇದ್ದ ಗೋಡೆ ಇವತ್ತು ಎಲ್ಲಿಗೆ ಓಡಿಹೋಗುತ್ತೆ? ತೆಪ್ಪಗೆ ಮಲ್ಕೋ."

ಓಡಿಹೋಗಿತ್ತು. ದಾರಿ ತಿರುಗುವ ಮೂಲೆಯಲ್ಲಿ ಎದೆಮಟ್ಟದ ಅಂಚುಗೋಡೆಯನ್ನು ದುರಸ್ತಿಗೆಂದು ಹಿಂದಿನ ಸಂಜೆ ಕೆಡವಿದ್ದರು. ಹಗ್ಗವಿಲ್ಲ, ಫಲಕವಿಲ್ಲ. ಕೆಳಗೆ ಬಂಡೆ, ನೊರೆ.

ಅಕ್ಕ ಎಂದಿನಂತೆ ಅಂಚುಗೋಡೆಯನ್ನು ಬೆರಳಲ್ಲಿ ಸವರುತ್ತಾ, ಫಿರಂಗಿಯ ಕಥೆ ಹೇಳುತ್ತಾ ಹಿಂದಕ್ಕೆ ಹೋಗುತ್ತಿದ್ದಳು. ಮೂಲೆಯಲ್ಲಿ ಬೆರಳಿಗೆ ಕಲ್ಲು ಸಿಗಲಿಲ್ಲ. ಬೆನ್ನಿಗೆ ತಣ್ಣನೆ ಗಾಳಿ ಬಡಿಯಿತು. ಅಕ್ಕ ಕಂಬವಾದಳು. ಇನ್ನೊಂದು ಹೆಜ್ಜೆಗೆ ಜಾಗ ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ. ಸುಮ್ಮನೆ ಮುಂದೆ ಬಂದಿದ್ದರೆ ಗುಟ್ಟು ಉಳಿಯುತ್ತಿತ್ತು. ಅಷ್ಟರಲ್ಲಿ ಪಕ್ಕದಿಂದ ಪುಟ್ಟ ಚಪ್ಪಲಿಗಳ ಪಟಪಟ ಸದ್ದು. "ಅಜ್ಜೀ, ದೋಣಿ!" ಮಗು ಎಡಕ್ಕೋ ಬಲಕ್ಕೋ, ಅಕ್ಕನಿಗೆ ಕಾಣದು.

"ಗೋಡೆ ಇಲ್ಲ ಇಲ್ಲಿ! ಮಗೂನ ಹಿಡ್ಕೊಳ್ಳಿ! ನಂಗೆ ಕಣ್ಣು ಕಾಣಲ್ಲ!"

ಅಜ್ಜಿ ಮೊಮ್ಮಗಳ ಫ್ರಾಕು ಹಿಡಿದು ಎಳೆದಳು. ಬಳಿಕ ಅಕ್ಕನ ಕೈಯನ್ನೂ.

"ಕುರುಡೀನ ಗೈಡ್ ಮಾಡಿದಾರಲ್ರೀ!" ಎಂದ ಮೊಬೈಲ್ ಹಿಡಿದಿದ್ದವನೊಬ್ಬ.

"ಬಾಯ್ಮುಚ್ಚಪ್ಪ. ನಿನ್ನ ಎರಡು ಕಣ್ಣಿಗೆ ಇದು ಕಂಡಿತ್ತಾ?" ಎಂದಳು ಅಜ್ಜಿ.

ಅಕ್ಕ ಮಾಡಿದ್ದು ಸರಿ ಎಂದು ನಾನು ಹೇಳುವುದಿಲ್ಲ. ಜನರ ಜೀವ ಇಟ್ಟು ಆಡುವ ಆಟವಲ್ಲ ಅದು. ಅಕ್ಕನೂ ಹಾಗೆ ಹೇಳುವುದಿಲ್ಲ. ಆದರೆ ಅವಳ ಕಣ್ಣಿನ ದೋಷ ಕಚೇರಿಗೆ ಮರುದಿನವೇ ಕಂಡಿತು, ಬಿಲ್ಲೆ ಹೋಯಿತು. ಕೆಡವಿದ ಗೋಡೆಯ ಬಾಯಿ ಮಾತ್ರ ಇನ್ನೂ ಕಂಡಿಲ್ಲ.

ಈಗ ಅತ್ತಿಗೆ-ನಾದಿನಿ ಇಬ್ಬರೂ ಆ ಮೂಲೆಯಲ್ಲೇ ಕೂರುತ್ತಾರೆ. ಬಿಲ್ಲೆ ಇಲ್ಲದವರು ಇಲ್ಲಿ ಕೂರಬಾರದೆಂದು ಕಾವಲುಗಾರ ಗದರುತ್ತಾನೆ, ಇವರು ಏಳುವುದಿಲ್ಲ. ನಿನ್ನೆ ಹೊಸ ಗೈಡು ನಗುನಗುತ್ತಾ ಹಿಂದಕ್ಕೆ ಹಿಂದಕ್ಕೆ ಬರುತ್ತಿದ್ದ. ನಾದಿನಿ ಟೊಪ್ಪಿ ಸರಿಸಿ ಕೂಗಿದಳು:

"ಸಾರ್, ಈ ಗೋಡೆ ಕೆಡವಿದ್ದು ಯಾರು?"

ಅವನು ನಿಂತ.