ಅಜ್ಜಿಯ ಮಡಿ ನೀರು ಕುಡಿದ ಕಳ್ಳ

ನಿನ್ನೆ ಮಿಯಾಪುರದ ನಮ್ಮ ಪಕ್ಕದ ಮನೆಯವರು ಊರಿಗೆ ಹೊರಡುವಾಗ, ನೀರಿನ ಬಾಟಲಿಯಿಂದ ತುಳಸಿ ಕುಂಡಕ್ಕೆ ಹತ್ತಿಯ ದಾರ ಇಳಿಬಿಟ್ಟಿದ್ದರು. ದಾರದ ತುದಿಯಲ್ಲಿ ಹನಿ ಕಂಡದ್ದೇ ನನಗೆ ಅಜ್ಜಿಯ ಕೊಡ ನೆನಪಾಯಿತು.

ಅದು ಹೈದರಾಬಾದಿನ ಗಲ್ಲಿಗಲ್ಲಿಯಲ್ಲೂ ಕಂಪ್ಯೂಟರ್ ಕೋರ್ಸಿನ ಬೋರ್ಡು ಏಳುತ್ತಿದ್ದ ಕಾಲ. ಮಲ್ಕಾಜ್‌ಗಿರಿಯ ನಮ್ಮ ಆಗಿನ ಮನೆಯಲ್ಲಿ ಕಲಬುರಗಿಯ ಅಜ್ಜಿಯ ಮಡಿ ನೀರಿನ ತಾಮ್ರದ ಕೊಡವಿತ್ತು. ಅದನ್ನು ಮಕ್ಕಳಾದ ನಾವೂ ಮುಟ್ಟುವಂತಿರಲಿಲ್ಲ. ಒಂದು ಬೆಳಿಗ್ಗೆ ನೋಡಿದರೆ, ರಾತ್ರಿ ಕಂಠಮಟ ತುಂಬಿಟ್ಟ ನೀರು ನಾಲ್ಕು ಬೆರಳು ಇಳಿದಿತ್ತು! ಹಿಂದಿನ ದಿನ ಮಹಡಿಯ ಬಾಡಿಗೆ ಹುಡುಗ, ಮೈಸೂರಿನಿಂದ ಸಾಫ್ಟ್‌ವೇರ್ ಕೆಲಸಕ್ಕೆ ಬಂದವನು, ಕುಡಿಯಲು ನೀರು ಕೇಳಿದ್ದ. ಅಜ್ಜಿಗೆ ಅಷ್ಟೇ ಸಾಕಾಯಿತು.

“ಅವನೇ ಮುಟ್ಟ್ಯಾನ. ಈ ನೀರು ನಾ ಕುಡಿಯಂಗಿಲ್ಲ!”

“ದೇವರಾಣೆಗೂ ಮುಟ್ಟಿಲ್ಲ ಅಜ್ಜಿ,” ಎಂದು ಹುಡುಗ ಬಾಗಿಲಲ್ಲೇ ಬೆವರಿದ.

ಆಗ ನೆಲ ಒರೆಸುತ್ತಿದ್ದ ಅಮ್ಮ ಕೂಗಿದಳು: “ಅತ್ತೀ, ಇಲ್ಲಿ ನೋಡ್ರಿ!”

ಕೊಡಕ್ಕೆ ಹೊದಿಸಿದ್ದ ಅಜ್ಜಿಯದೇ ಮಡಿ ಬಟ್ಟೆಯ ಒಂದು ತುದಿ ನೀರಿಗೆ ಜಾರಿತ್ತು. ಇನ್ನೊಂದು ಹೊರಗೆ ಜೋತುಬಿದ್ದಿತ್ತು. ನೂಲಿನ ಸಂದಿಯಲ್ಲಿ ನೀರು ತಾನಾಗಿ ಮೇಲೆ ಹತ್ತಿ, ಅಂಚು ದಾಟಿ, ಬಚ್ಚಲ ಕಡೆ ತೊಟ್ಟಿಕ್ಕುತ್ತಿತ್ತು.

“ಅಯ್ಯ ನನ್ನಪ್ಪಾ! ನೀರು ಮ್ಯಾಲೆ ಹತ್ತತಾವೇನ? ನನ್ನ ಮಡಿ ಅರಿವೀನೇ ಕುಡದದಲ್ಲ!” ಅಜ್ಜಿ ಬಟ್ಟೆಯನ್ನು ಎತ್ತಿ ಹಿಂಡಿದಳು. ಆಮೇಲೆ ಅದೇ ಕೊಡದಿಂದ ತಂಬಿಗೆ ತುಂಬಿ ಹುಡುಗನಿಗೆ ಕೊಟ್ಟಳು. ಅವನು ತುಟಿಗೆ ತಾಗದಂತೆ ಮೇಲೆತ್ತಿದ.

“ಎತ್ತಬ್ಯಾಡಪ್ಪಾ,” ಎಂದಳು ಅಜ್ಜಿ. “ಕಚ್ಚೇ ಕುಡಿ.”

ನಿನ್ನೆ ಆ ದಾರದ ಹನಿಯನ್ನು ಬೆರಳಿನಿಂದ ಮುಟ್ಟಿದೆ. ಮುಟ್ಟಿದ್ದೇ ತಡ, ಅಜ್ಜಿಯ ಕೊಡವನ್ನೇ ಮುಟ್ಟಿದಂತಾಗಿ, ಯಾರಾದರೂ ನೋಡಿದರೇನೋ ಎಂದು ಹಿಂತಿರುಗಿ ನೋಡಿದೆ.