ಹುಟ್ಟದೇ ಇದ್ದ ನಿಂಗಪ್ಪ

ನಮ್ಮ ವಂಶದಲ್ಲಿ ನಿಂಗಪ್ಪ ಎಂಬೊಬ್ಬರಿದ್ದರು. ಹೊನ್ನಾಳಿಯಲ್ಲಿ ಸ್ವಂತ ಮನೆ, ಇಬ್ಬರು ಗಂಡುಮಕ್ಕಳು, ಹಾಲು ಕರೆಯುವ ಎಮ್ಮೆ ಒಂದು. ಎಮ್ಮೆಯೂ ಸೇರಿ ಅವರೆಲ್ಲರ ಆಯುಸ್ಸು ಒಂದು ವಾರ. ಅವರನ್ನು ಹುಟ್ಟಿಸಿದವನು ನಾನೇ. ತಪ್ಪನ್ನು ಮೊದಲೇ ಒಪ್ಪಿಕೊಂಡಿದ್ದೇನೆ. ಬಯ್ಯುವುದನ್ನು ಕೊನೆಗಿಟ್ಟುಕೊಳ್ಳಿ, ಅಲ್ಲಿ ನಿಮಗಿಂತ ಚೆನ್ನಾಗಿ ಬಯ್ಯುವವರು ಬರುತ್ತಾರೆ.

ಇವತ್ತು ಈ ಪಾಪ ನೆನಪಾಗಲು ಕಾರಣ, ಬೆಳಿಗ್ಗೆ ಚನ್ನಗಿರಿ ಕಡೆಯಿಂದ ಬಂದ ಲಗ್ನಪತ್ರಿಕೆ. ನಾಲ್ಕು ಮೂಲೆಗೂ ಅರಿಶಿನ ಮೆತ್ತಿದ್ದಾರೆ. ಓದು ಬಾರದ ಅಜ್ಜಿ ಅದನ್ನು ಮೂಗಿಗೆ ಹಿಡಿದು ವಾಸನೆ ನೋಡಿ, ನಂತರ ನನ್ನ ಕೈಗೆ ಕೊಟ್ಟು, "ಓದು. ನಿನ್ನ ದನಿಯಾಗೆ ಓದು, ಯಾರ್ದೋ ದನಿ ಬ್ಯಾಡ" ಎಂದಳು.

ಅವಳು ಹಾಗೆ ಹೇಳಲು ಕಾರಣವಿದೆ. ನ್ಯಾಮತಿಯಲ್ಲಿ ನನ್ನನ್ನು ಬೀಜ-ಗೊಬ್ಬರದ ಅಂಗಡಿಯ ಹುಡುಗ ಎಂದು ಗುರುತಿಸುವವರಿಗಿಂತ, ಎಲ್ಲರನ್ನೂ ಅಣಕಿಸುವ ಕಪಿ ಎಂದು ಗುರುತಿಸುವವರೇ ಹೆಚ್ಚು. ಶಿವಮೊಗ್ಗ ಬಸ್ಸಿನ ಕಂಡಕ್ಟರು, ಅಂಗಡಿಯ ಸಾಹುಕಾರರು, ಸೀನುವ ಮೊದಲು ದೇವರನ್ನು ನೆನೆಯುವ ನಮ್ಮಪ್ಪ, ಎಲ್ಲರ ದನಿಯೂ ನನ್ನ ಗಂಟಲಲ್ಲಿ ಬಾಡಿಗೆಗಿದೆ. ನನ್ನದೇ ದನಿ ಯಾವುದು ಎಂದು ಕೇಳಿದರೆ ಸ್ವಲ್ಪ ಹುಡುಕಬೇಕಾಗುತ್ತದೆ.

ನಾನು ಅತ್ಯಂತ ಚೆನ್ನಾಗಿ ಮಾಡುತ್ತಿದ್ದುದು ಹೆಳವರ ದನಿ. ನಿಮ್ಮ ಮನೆಗೂ ಹೆಳವರು ಬರುತ್ತಿದ್ದರೆ ನಿಮಗೆ ಗೊತ್ತಿರುತ್ತದೆ. ಹಿಂದೆ ಎತ್ತಿನ ಮೇಲೆ ಬರುತ್ತಿದ್ದರು, ಈಗ ಬೈಕಿನ ಮೇಲೆ. ಗಂಟೆ ಮಾತ್ರ ಹಳೆಯದೇ. ಸುಗ್ಗಿ ಮುಗಿದ ಮೇಲೆ ಬಂದು ಕಟ್ಟೆಯ ಮೇಲೆ ಕೂತು, ಮನೆತನದ ಹೆಸರುಗಳನ್ನೆಲ್ಲ ಬರೆದಿಟ್ಟ ಪುಸ್ತಕ ತೆಗೆದು ರಾಗವಾಗಿ ಓದುತ್ತಾರೆ. ಹೊಸದಾಗಿ ಹುಟ್ಟಿದವರನ್ನು ಬರೆದುಕೊಂಡು, ಕೊಟ್ಟ ಜೋಳವನ್ನು ಚೀಲಕ್ಕೆ ಸುರಿದುಕೊಂಡು ಮುಂದಿನ ಮನೆಗೆ ನಡೆಯುತ್ತಾರೆ. ಒಂದೊಂದು ಮನೆತನಕ್ಕೂ ಅವರದೇ ಹೆಳವ. ನಮ್ಮ ಮನೆಗೆ ಬರುವವನು ಓದುವುದು ತಾತನ ವಂಶವನ್ನು. ಅಜ್ಜಿ ಬಾಗಿಲ ಹಿಂದೆ ನಿಂತು ಗಂಡನ ಕಡೆಯವರ ಹೆಸರುಗಳನ್ನೆಲ್ಲ ಕೇಳುತ್ತಾಳೆ. ಅವಳ ತವರಿನ ಪುಸ್ತಕ ಬೇರೆ, ಅದನ್ನು ಓದುವ ಹೆಳವನೂ ಬೇರೆ.

ಅಜ್ಜಿಯ ತವರು ಜಗಳೂರು ಕಡೆಯ ಸೊಕ್ಕೆ. ಅವಳ ಅಪ್ಪ, ಅಂದರೆ ನನ್ನ ಮುತ್ತಜ್ಜ, ಯಾರೂ ಕಾಲಿಡದ ಕಾರೆಮುಳ್ಳಿನ ಬಯಲನ್ನು ಕಡಿದು, ಕಲ್ಲು ಆಯ್ದು, ಹೊಲ ಮಾಡಿದವನು. ಕಾರೆ ಕಡಿದು ಮಾಡಿದ್ದಕ್ಕೆ ಅದಕ್ಕೆ ಕಾರೆಹೊಲವೆಂದೇ ಹೆಸರು. ಮೂವರು ಮಕ್ಕಳು: ದೊಡ್ಡವನು ಅಪ್ಪನ ಹೊಲ ಹಿಡಿದ, ಚಿಕ್ಕವಳಾದ ಅಜ್ಜಿ ಮದುವೆಯಾಗಿ ನ್ಯಾಮತಿಗೆ ಬಂದಳು. ನಡುವಿನವನು ತಿಪ್ಪೇಶಪ್ಪ. "ಮಳೆ ಮುಖ ನೋಡ್ಕೊಂಡು ಕೂರಾಕಾಗಲ್ಲ, ನೀರಿರೋ ಕಡೆ ಹೋಗಿ ನಾನೇ ಒಂದು ಹೊಲ ಮಾಡ್ತೀನಿ" ಎಂದ. "ಹಂಗಾದ್ರೆ ನಿನ್ನ ಹೆಸರು ಈ ಮನೆಯಾಗೆ ಇಲ್ಲ" ಎಂದ ಮುತ್ತಜ್ಜ. ತಿಪ್ಪೇಶಪ್ಪ ಹೊರಟೇಹೋದ. ಆಗ ಅಜ್ಜಿಗೆ ಹನ್ನೆರಡು ವರ್ಷ. ಮತ್ತೆ ಅಣ್ಣನ ಸುದ್ದಿಯೇ ಇಲ್ಲ.

ನಮ್ಮ ಹೆಳವ ಬಂದಾಗಲೆಲ್ಲ ಅಜ್ಜಿ, "ಸೊಕ್ಕೆ ಕಡೆ ಹೆಳವರು ಎಲ್ಲಾದ್ರೂ ಸಿಕ್ಕಾರೇನಪ್ಪಾ?" ಎಂದು ಕೇಳುವಳು. ಅವನು ಇಲ್ಲವೆನ್ನುವನು. ಎರಡು ವರ್ಷದ ಹಿಂದೆ ಹೀಗೇ ಕೇಳಿ, ಇಲ್ಲ ಅನ್ನಿಸಿಕೊಂಡು, ಒಳಗೆ ಹೋಗಿ ಸುಮ್ಮನೆ ಕೂತಳು. ನಗಿಸೋಣ ಎನ್ನಿಸಿತು ನನಗೆ. ನಗಿಸುವುದೊಂದೇ ನನಗೆ ಗೊತ್ತಿರುವ ಔಷಧಿ. ಯಾವ ರೋಗಕ್ಕೆ ಕೊಡಬಾರದೆಂದು ಗೊತ್ತಿಲ್ಲ. ಗೆಳೆಯನ ಫೋನಿನಿಂದ ನನ್ನ ಫೋನಿಗೆ, ಗಂಟೆಯ ಸದ್ದಿನ ಸಮೇತ, ನಾನೇ ಅಣಕಿಸಿದ ಸೊಕ್ಕೆ ಹೆಳವನ ದನಿಯೊಂದನ್ನು ಕಳಿಸಿಕೊಂಡು, ಅವನೇ ಕಳಿಸಿದ್ದೆಂದು ಅಜ್ಜಿಗೆ ಹಾಕಿದೆ. "ತಿಪ್ಪೇಶಪ್ಪನ ಮಗ ನಿಂಗಪ್ಪ ಹೊನ್ನಾಳಿಯಾಗೆ ಅದಾನ್ರಿ ತಾಯೀ..." ಎಂದು ಶುರುವಾಗಿ ಎಮ್ಮೆಯಲ್ಲಿ ಮುಗಿಯುವ ರಾಗ.

ಅಜ್ಜಿ ಕೇಳಿದಳು. ನಗಲಿಲ್ಲ. "ಮೊದ್ಲಿಂದ ಹಾಕು" ಎಂದಳು. ಹೀಗೆ ಮೂರು ಸಲ ಹಾಕಿಸಿ ಕೇಳಿದಳು. "ಇದಕ್ಕಿಂತ ಮೊದ್ಲು ಏನೂ ಇಲ್ವೇನಲೇ?"

"ಇಷ್ಟೇ ಬಂದಿರೋದು ಅಜ್ಜಿ."

ಅವಳು ಎದ್ದುಹೋಗಿ ಶೇಂಗಾ ಹುರಿಯಲು ಕೂತಳು. "ಅಣ್ಣನ ಮಕ್ಕಳ ಮನೆಗೆ ಬರಿಗೈಯಾಗೆ ಹೋಗಾಕಾಗ್ತೈತೇನು? ಉಂಡೆ ಕಟ್ತೀನಿ. ನೀನು ಅಷ್ಟ್ರಾಗೆ ಅವರ ಮನೆ ಎಲ್ಲೈತೆ ನೋಡ್ಕೊಂಡು ಬಾ."

ಊರಿನವರ ದನಿಯೆಲ್ಲ ಇದ್ದ ನನ್ನ ಗಂಟಲಲ್ಲಿ, ಸುಳ್ಳು ಹೇಳಿದೆ ಎಂದು ಒಪ್ಪಿಕೊಳ್ಳುವ ದನಿಯೊಂದು ಇರಲಿಲ್ಲ. ನಿಂಗಪ್ಪನನ್ನು ಕೊಲ್ಲುವ ಮೊದಲು ನಿಜವಾದ ಯಾರನ್ನಾದರೂ ಹುಡುಕಲೇಬೇಕಾಯಿತು.

ದಾವಣಗೆರೆಯಲ್ಲಿ ಬಸ್ಸು ಬದಲಿಸಿ, ಜಗಳೂರು ದಾಟಿ ಸೊಕ್ಕೆಗೆ ಹೋದೆ. ಅಜ್ಜಿಯ ದೊಡ್ಡಣ್ಣನ ಮಗ, ನನಗೆ ಮಾವ, ಹೊಲದಲ್ಲಿದ್ದರು. ತಿಪ್ಪೇಶಪ್ಪ ಎಂದೊಡನೆ ಕುಂಟೆ ನಿಲ್ಲಿಸಿದರು. "ಆ ಹೆಸರು ಎತ್ತಬ್ಯಾಡ ತಮ್ಮಾ. ನಮ್ಮ ತಾತ ಎತ್ತಬ್ಯಾಡ ಅಂದಿದ್ದ."

"ಯಾಕೆ ಮಾವ?"

"ಯಾಕೆ ಅಂತ ಕೇಳ್ಬೇಕು ಅಂದ್ರೆ ಹೆಸರು ಎತ್ತಬೇಕಾಗ್ತಿತ್ತಲ್ಲ" ಎಂದು ಅವರೇ ನಕ್ಕುಬಿಟ್ಟರು. ಆಮೇಲೆ ಮೆಲ್ಲಗೆ, ತಮ್ಮ ಹೆಳವ ಭತ್ತದ ಸುಗ್ಗಿಯ ಹೊತ್ತಿಗೆ ಹೊನ್ನಾಳಿ ಕಡೆಯ ಹಳ್ಳಿಗಳಲ್ಲಿರುತ್ತಾನೆ ಎಂದರು. "ನಾನು ಹೇಳ್ದೆ ಅನ್ನಬ್ಯಾಡ. ಗೊತ್ತಾದ್ರೆ ನನಗೂ ಹೇಳು."

ಎರಡು ದಿನ ಅಲೆದ ಮೇಲೆ ಹೊನ್ನಾಳಿಯ ಹತ್ತಿರ ಒಂದು ಕಣದಲ್ಲಿ ಆ ಹೆಳವ ಸಿಕ್ಕ. ಬಿಳಿ ಮೀಸೆಯ ಮುದುಕ. ನಡೆದದ್ದನ್ನೆಲ್ಲ ಹೇಳಿದೆ. "ಎಲ್ಲಿ, ಆ ದನಿ ಕೇಳ್ಸು" ಎಂದ. ಕೇಳಿಸಿದೆ. ಕಣ್ಣು ಮುಚ್ಚಿ ಕೇಳಿ, ಪರೀಕ್ಷೆ ಮೇಷ್ಟರಂತೆ ತೀರ್ಪು ಕೊಟ್ಟ: "ದನಿ ಪಾಸು. ಕ್ರಮ ಫೇಲು. ಮೂಲಪುರುಷನ್ನ ಬಿಟ್ಟು ನಡುವಿಂದ ಹಿಡಿದೀಯಲ್ಲೋ! ಬೇರು ಬಿಟ್ಟು ಕೊಂಬೆ ಹತ್ತೋನು ಹೆಳವ ಅಲ್ಲ, ಕಪಿ."

ನ್ಯಾಮತಿಯ ಬಿರುದು ಹೊನ್ನಾಳಿಯವರೆಗೂ ಬಂದಿತ್ತು.

ಅವನು ಕೈಕಾಲು ತೊಳೆದು ಬಂದು ಪುಸ್ತಕ ಬಿಚ್ಚಿದ. ಮೂಲಪುರುಷನಿಂದ ಹಿಡಿದು ಇಳಿಯುತ್ತ ಇಳಿಯುತ್ತ, ಕಾರೆ ಕಡಿದ ಮುತ್ತಜ್ಜನ ಹೆಸರಿಗೆ ಬಂದ. ಆ ಮುದುಕನ ದನಿಯನ್ನು ನಾನು ಅಣಕಕ್ಕೆಂದು ಕಲಿತುಕೊಳ್ಳಲಿಲ್ಲ. ಹೆಸರುಗಳನ್ನಷ್ಟೇ ಕೇಳುತ್ತ ಕೂತಿದ್ದೆ. "ದೊಡ್ಡ ಮಗ..." ಎಂದು ಓದಿ, ನಿಲ್ಲಿಸಿ, ನನ್ನ ಮುಖ ನೋಡಿದ. ನಂತರ ಓದಿದ. "ನಡುವಲ ಮಗ ತಿಪ್ಪೇಶಪ್ಪ."

"ಅವರ ಹೆಸರು ತೆಗೆದುಹಾಕಿಲ್ವಾ ಯಜಮಾನ್ರೇ?"

"ಓದಬ್ಯಾಡ ಅಂತ ನಮ್ಮಪ್ಪಗೆ ಅಂದಿದ್ರಂತೆ ನಿಮ್ಮ ಮುತ್ತಜ್ಜ. ಬರೀಬ್ಯಾಡ ಅಂದಿರ್ಲಿಲ್ಲ. ಸೊಕ್ಕೆಯಾಗೆ ಆ ಸಾಲು ಬಿಟ್ಟು ಓದ್ತೀವಿ. ಚನ್ನಗಿರಿ ಕಡೆ ಅವನ ಮನೆಗೂ ಹೋಗ್ತೀವಿ, ಹುಟ್ಟಿದೋರನ್ನ ಬರ್ಕೊಂಡು ಬರ್ತೀವಿ. ಕೇಳ್ದೋರಿಗೆ ತಾನೇ ಹೇಳೋದು? ಯಾರೂ ಕೇಳ್ಲಿಲ್ಲ."

ಕೇಳಲು ಅಜ್ಜಿಯೊಬ್ಬಳಿದ್ದಳು. ಆದರೆ ಅವಳು ನಿಂತಿದ್ದು ಬೇರೆ ಮನೆಯ ಬಾಗಿಲ ಹಿಂದೆ. ಆ ಪುಸ್ತಕದಲ್ಲಿ ಅವಳ ಹೆಸರೂ ಇರಲಿಲ್ಲ. ಹೆಣ್ಣುಮಕ್ಕಳನ್ನು ಬರೆಯುವ ಪದ್ಧತಿ ಇಲ್ಲವಂತೆ. ನಾನು ಮುಖ ಸಣ್ಣ ಮಾಡಿದ್ದನ್ನು ನೋಡಿ ಮುದುಕ ಪೆನ್ನು ತೆಗೆದ. "ಹೇಳು, ಏನು ಹೆಸರು? ಇಷ್ಟೆಲ್ಲ ಅಲೆಸಿದ್ದಾಳೆ ಅಂದಮ್ಯಾಲೆ ಬರೀಬೇಕು." ಹೇಳಿದೆ. ಬರೆದ. ಎದ್ದು ಹೊರಟ ನನ್ನನ್ನು ಕರೆದು, "ನಿಂಗಪ್ಪನ್ನೂ ಬರ್ಕೊಳ್ಳಲೇನೋ?" ಎಂದು ಮೀಸೆಯಲ್ಲೇ ನಕ್ಕ.

ಮರುದಿನ ಉಂಡೆಯ ಡಬ್ಬಿ ಮತ್ತು ಅಜ್ಜಿಯೊಂದಿಗೆ ಚನ್ನಗಿರಿಗೆ ಹೋದೆ. ಹೊನ್ನಾಳಿಯಲ್ಲ, ಚನ್ನಗಿರಿಯಂತೆ, ಹೆಳವನಿಗೆ ತಪ್ಪಿತ್ತಂತೆ ಎಂದು ದಾರಿಯುದ್ದಕ್ಕೂ ಸುಳ್ಳಿಗೆ ತೇಪೆ ಹಾಕಿದೆ. ಅಜ್ಜಿ ಕಿಟಕಿಯಾಚೆ ನೋಡುತ್ತ ಹೂಂಗುಟ್ಟಿದಳು. ತಿಪ್ಪೇಶಪ್ಪ ತೀರಿಕೊಂಡು ಹತ್ತು ವರ್ಷವಾಗಿತ್ತು. ಬಾಗಿಲು ತೆಗೆದವರು ಅವರ ಮಗಳು ಗಂಗಮ್ಮ. ಯಾರೆಂದು ಹೇಳಿದೊಡನೆ, ಅಜ್ಜಿಯ ಕೈ ಹಿಡಿದು ಒಳಗೂ ಕರೆಯದೆ, ನೇರ ಹಿತ್ತಲಾಚೆ ಕರೆದೊಯ್ದರು.

"ಅತ್ತೇ, ಈ ಹೊಲ ನೋಡು. ನಮ್ಮಪ್ಪ ಕಾಡು ಕಡಿದು ಮಾಡಿದ್ದು. ಇಲ್ಲಿ ಒಂದು ಕಾರೆಗಿಡ ಇರ್ಲಿಲ್ವಂತೆ, ಆದ್ರೂ ಕಾರೆಹೊಲ ಅಂತ ಹೆಸರಿಟ್ಟ. ಯಾಕಪ್ಪಾ ಅಂದ್ರೆ ಹೇಳ್ತಿರ್ಲಿಲ್ಲ."

ಅಜ್ಜಿ ಬದುವಿನ ಮೇಲೆ ಕೂತುಬಿಟ್ಟಳು. ಒಂದು ಹಿಡಿ ಮಣ್ಣು ತೆಗೆದು ಅಂಗೈಯಲ್ಲಿ ತಿಕ್ಕಿದಳು. "ಕಳ್ಳ, ನೀರಿರೋ ಕಡೆ ಬಂದ್ರೂ ಅಪ್ಪನ ಹೊಲದಾಗೇ ಅದಾನಲ್ಲೇ" ಎಂದಳು. ಅತ್ತಳೋ ನಕ್ಕಳೋ ನನಗೆ ತಿಳಿಯಲಿಲ್ಲ. ಆ ದನಿಯನ್ನು ನಾನು ಇವತ್ತಿನವರೆಗೂ ಅಣಕಿಸಿಲ್ಲ.

ಸುದ್ದಿ ತಿಳಿದ ಸೊಕ್ಕೆಯ ಮಾವ ಮುಂದಿನ ಅಮಾವಾಸ್ಯೆಗೇ ಒಂದು ಚೀಲ ಜೋಳ ಹೊತ್ತು ಚನ್ನಗಿರಿಗೆ ಹೋದರು. ಈಗ ಆ ಹೆಸರನ್ನು ದಿನಕ್ಕೆರಡು ಬಾರಿ ಎತ್ತುತ್ತಾರಂತೆ.

ಇವತ್ತಿನ ಪತ್ರಿಕೆ ಗಂಗಮ್ಮನವರ ಮೊಮ್ಮಗನ ಮದುವೆಯದು. ನನ್ನದೇ ದನಿಯಲ್ಲಿ ಓದುತ್ತ ಕೊನೆಗೆ ಬಂದೆ. ಸುಖಾಗಮನ ಬಯಸುವವರ ಸಾಲಿನಲ್ಲಿ ಮೊದಲ ಹೆಸರೇ ಅಜ್ಜಿಯದು. ಎರಡು ಸಲ ಓದಿಸಿಕೊಂಡಳು. ಅವಳ ಮುಖ ನೋಡಿ ಇನ್ನು ಬಚ್ಚಿಟ್ಟುಕೊಳ್ಳಲಾಗಲಿಲ್ಲ.

"ಅಜ್ಜಿ, ಅವತ್ತು ಫೋನಿನಾಗೆ ಬಂದಿತ್ತಲ್ಲ, ನಿಂಗಪ್ಪ, ಎಮ್ಮೆ... ಅದು ಹೆಳವ ಅಲ್ಲ. ನಾನೇ."

ಅಜ್ಜಿ ಪತ್ರಿಕೆಯ ಮೇಲಿಂದ ಕಣ್ಣು ತೆಗೆಯಲಿಲ್ಲ. "ಮೂಲಪುರುಷನ್ನ ಬಿಟ್ಟು ಓದೋ ಹೆಳವ ಎಲ್ಲಿದಾನಲೇ? ಮೂರು ಸಲ ಮೊದ್ಲಿಂದ ಹಾಕ್ಸಿ ನೋಡ್ದೆ."

ಒಂದೊಂದೇ ನೆನಪಾಯಿತು. ಆ ಶೇಂಗಾ, ಆ ಉಂಡೆ, ಬಸ್ಸಿನಲ್ಲಿ ಅಂದ ಆ ಹೂಂ, ಹೂಂ! ನಮ್ಮ ಮನೆಯ ನಿಜವಾದ ನಟಿ ಇಷ್ಟು ವರ್ಷ ಅಡುಗೆಮನೆಯಲ್ಲಿದ್ದಳು. "ಮತ್ತೆ ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಬಸ್ಸು ಹತ್ತತಿದ್ಯೇನಲೇ?"