ಪಟ್ಟಿಗೆ ಬಾರದ ಮನೆ

ಅಚ್ಚಿನಿಂದ ಇಳಿದ ಹಸಿ ಹಂಚಿನ ಅಂಚು ಕೆರೆಯುವುದು ಬೆಳ್ಳಿಯ ಕೆಲಸ. ಕುಂದಾಪುರದ ಹೊಳೆದಂಡೆಯ ಹಂಚಿನ ಕಾರ್ಖಾನೆಗೆ ಅವಳು ಸೇರಿ ಆರು ವರ್ಷವಾಗಿತ್ತು. ಅದಕ್ಕೆ ಮೊದಲು ಬಸ್ರೂರಿನಾಚೆ ಹೆಬ್ಬೈಲಿನಲ್ಲಿ ಅವಳ ಮನೆಯವರು, ಒಡೆಯರು ಬೇಕೆಂದಾಗ ಬಿಡಿಸಬಹುದಾದ ಚಾಲಗೇಣಿಗೆ ಗದ್ದೆ ಮಾಡುತ್ತಿದ್ದರು. ಬತ್ತಕ್ಕಿಂತ ಮಣ್ಣಿಗೆ ಹೆಚ್ಚು ಬೆಲೆ ಬರುತ್ತದೆಂದು ಗದ್ದೆಯ ಒಡೆಯರು ಬೈಲನ್ನು ಕಾರ್ಖಾನೆಗೆ ಬಿಟ್ಟುಕೊಟ್ಟರು. ಮೊದಲು ಗದ್ದೆ ಹೋಯಿತು, ಆಮೇಲೆ ಗದ್ದೆಯಂಚಿನ ಮನೆ. ಈಗ ಅಲ್ಲಿರುವುದು ನೀರು ತುಂಬಿದ ಹೊಂಡ. ಬೆಳ್ಳಿ ಇರುವುದು ಕಾರ್ಖಾನೆಯವರು ಕೆಲಸದವರಿಗೆಂದು ಕಟ್ಟಿಸಿದ ಲೈನ್ ಮನೆಯಲ್ಲಿ.

ಆ ಮಣ್ಣು ಇನ್ನೂ ದೋಣಿಯಲ್ಲಿ ಬರುತ್ತಿತ್ತು. ಒಮ್ಮೊಮ್ಮೆ ಹಸಿ ಹಂಚಿನೊಳಗಿಂದ ಬತ್ತದ ಕೂಳೆಯ ಬೇರೊಂದು ಎದ್ದು ಕಾಣುತ್ತಿತ್ತು. ಬೆಳ್ಳಿ ಅದನ್ನು ಕಿತ್ತು ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತಿದ್ದಳು.

"ಎಂತದೆ, ಗದ್ದಿ ಕಟ್ಕಂಡ್ ಹೋತ್ಯಾ?" ಎಂದು ಪಕ್ಕದಲ್ಲಿ ಕೆರೆಯುವ ರತ್ನ ಅಣಕಿಸುತ್ತಿದ್ದಳು.

ನಲವತ್ತೈದರ ಮಳೆಗಾಲ ಕಳೆದ ಮೇಲೆ ಕಾರ್ಮಿಕ ಸಂಘದ ಪ್ರೇಮಾನಂದ ಒಂದು ಸುದ್ದಿ ತಂದ. ಮದರಾಸು ಅಸೆಂಬ್ಲಿಗೆ ಚುನಾವಣೆ ಬರುತ್ತದೆ. ಆಸ್ತಿ ಇಲ್ಲದಿದ್ದರೂ ಓದು ಬರಹ ಬಲ್ಲ ಹೆಂಗಸರು ಅರ್ಜಿ ಕೊಟ್ಟರೆ ಪಟ್ಟಿಗೆ ಸೇರಬಹುದು. ಸಂಜೆ ಐದಕ್ಕೆ ಪಾಠ ಶುರುವಾಯಿತು; ಬೆಳ್ಳಿ, ರತ್ನ ಇಬ್ಬರೂ ಸೇರಿದರು. ಮಣ್ಣು ಹೊತ್ತವರು ನೀವು, ಹಂಚು ಮಾಡಿದವರು ನೀವು, ಮಾಡಿದ್ದರ ಮೇಲೆ ಅಧಿಕಾರ ಮಾತ್ರ ಮತ್ತೊಬ್ಬರದು ಎಂದು ಅವನು ಅಕ್ಷರದ ಜೊತೆಗೆ ಕಲಿಸುತ್ತಿದ್ದ. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಬೆಳ್ಳಿ ಹದಿನಾಲ್ಕು ವಾರದಲ್ಲಿ ಓದು ಬರಹ ಎರಡನ್ನೂ ಕಲಿತಳು. ಪಟ್ಟಿಯಲ್ಲಿ ತನ್ನ ಹೆಸರನ್ನು ಕಣ್ಣಾರೆ ಕಾಣಬೇಕೆಂಬುದೊಂದೇ ಅವಳ ಆಸೆ.

ಅರ್ಜಿಯನ್ನು ಶಾನುಭೋಗ ಸುಬ್ಬರಾಯರ ಎದುರು ಬರೆಯಬೇಕಿತ್ತು. ಬೆಳ್ಳಿ ಮೊದಲು ಮನೆಯ ಹೆಸರು, ಆಮೇಲೆ ತನ್ನ ಹೆಸರು ಬರೆದಳು. ಆ ಕಡೆಯವರ ರೂಢಿಯೇ ಹಾಗೆ. ಮನೆ ಹೇಳದೆ ಹೆಸರು ಹೇಳಿದರೆ ಅದು ಅರ್ಧ ಹೆಸರು.

"ಹೆಬ್ಬೈಲ್ ಮನಿ ಎಲ್ಲಿತ್ತೆ ಈಗ? ಅಲ್ಲಿ ಮೀನ್ ಇಪ್ಪುದ್," ಎಂದರು ಸುಬ್ಬರಾಯರು. "ಕಾರ್ಖಾನಿ ಲೈನ್ ಅಂದ್ ಬರಿ. ಇಲ್ದಿರ್ ಮನಿ ಬರದ್ರೆ ಮೇಲ್ನವ್ರ್ ಹೊಡ್ದ್ ಹಾಕ್ತ್ರ್."

"ಲೈನ್ ಧಣಿಯರ್ದ್. ನಾ ಅಲ್ಲ್ ಮಲ್ಕಂಬ್ದ್ ಅಷ್ಟೇ."

ಜೊತೆಗೆ ಬಂದಿದ್ದ ಪ್ರೇಮಾನಂದನಿಗೆ ತಡೆಯಲಾಗಲಿಲ್ಲ. "ಬೆಳ್ಳಿಯಕ್ಕ, ಓಟ್ ದೊಡ್ದಾ, ಹೊಂಡ ದೊಡ್ದಾ?"

"ನೀನೇ ಹೇಳದ್ದಲ್ದಾ, ಅವ್ರ್ ನಮ್ದೆಲ್ಲ ತಕಂಡ್ರ್ ಅಂದ್? ಹೆಸ್ರೂ ನಾನೇ ಕೊಟ್ಟ್ ಬಪ್ದಾ?"

ರತ್ನ ತನ್ನ ಅರ್ಜಿಯಲ್ಲಿ ಲೈನಿನ ವಿಳಾಸ ಬರೆದಳು. ಬೆಳ್ಳಿ ತಾನು ಬರೆದದ್ದನ್ನು ತಿದ್ದಲಿಲ್ಲ. ಪಟ್ಟಿ ಅಂಟಿಸಿದ ದಿನ ಅವಳು ಅದನ್ನು ಮೇಲಿಂದ ಕೆಳಗೆ ಮೂರು ಸಲ ಓದಿದಳು. ಅವಳ ಹೆಸರು ಇರಲಿಲ್ಲ. ಕಲಿತ ಓದು ಅವಳಿಗೆ ಮೊದಲು ಉಪಯೋಗಕ್ಕೆ ಬಂದದ್ದು ಇದಕ್ಕೆ.

ಓಟಿನ ದಿನ ರತ್ನ ಮಧ್ಯಾಹ್ನದ ಹೊತ್ತಿಗೆ ಕಾರ್ಖಾನೆಗೆ ಹಿಂತಿರುಗಿದಳು.

"ಎರಡ್ ಪೆಟ್ಟಿ ಇದ್ದೊ ಮಾರಾಯ್ತಿ. ಒಂದ್ ಗದ್ದಿ ಒಡೇರ ಕಡೆಯವಂದ್, ಇನ್ನೊಂದ್ ನಮ್ಮ್ ಧಣಿಯರ ಕಡೆಯವಂದ್. ಯಾವ್ದಕ್ ಹಾಕುದ್? ಕಣ್ಮುಚ್ಚಿ ಹಾಕ್ದೆ."

ಬೆಳ್ಳಿಗೆ ಆ ಪೆಟ್ಟಿಗೆಗಳ ಮಾತು ಬೇಕಿರಲಿಲ್ಲ. "ಚೀಟಿ ಹ್ಯಾಂಗಿತ್ತ್? ದಪ್ಪವಾ?" ಎಂದಳು. ಆಮೇಲೆ, "ಹೆಸ್ರ್ ಕೂಗ್ತ್ರಾ?"

"ಕೂಗ್ತ್ರ್. ಕಾರ್ಖಾನಿ ಲೈನ್, ರತ್ನ, ಅಂದ್ರ್. ಎಲ್ರೂ ತಿರ್ಗ್ ಕಂಡ್ರ್."

"ನಂದೊಂದ್ ಸಲ ಕೂಗ್ ಕಾಂಬ."

ರತ್ನ ನಗಲಿಲ್ಲ. ಅಚ್ಚಿನ ಸದ್ದಿನ ಮೇಲೆ ಕೇಳುವಷ್ಟು ಗಟ್ಟಿಯಾಗಿ, ಮನೆಯ ಹೆಸರು ಸೇರಿಸಿಯೇ ಕೂಗಿದಳು. ಆಚೆಯಿದ್ದ ಮೇಸ್ತ್ರಿ ಯಾರಪ್ಪಾ ಅದು ಎಂದು ತಲೆಯೆತ್ತಿದ.

"ಇದ್ದೆ," ಎಂದು ಓಗೊಟ್ಟಳು ಬೆಳ್ಳಿ. ಅವಳ ಕೈ ಹಂಚಿನ ಅಂಚಿನ ಮೇಲೇ ಇತ್ತು.